ಪದ ಬೇಕಾಗಿದೆ: ಕಂಡರಿಯದ ಲೇಕಿನ ತಳಕ್ಕೆ, ಜೊತೆಗೆ ವಾಲೈ, ಪೈಕ್, ಮಸ್ಕಿ ಎಂಬ ಮೀನುಗಳಿಗೆ

ಮಿನಿಯಾಪೊಲಿಸ್‌ನಿಂದ

ಕನ್ನಡ ಪದಗಳನ್ನು ಚರ್ಚಿಸುವ ನಮ್ಮ ಬಳಗದ ಹಿರಿಯರಿಗೆ ನಮಸ್ಕಾರ. ಬರುವ ಜೂನ್‌ನಲ್ಲಿ ನಮ್ಮ ಊರಿನ ಕೆಲವು ಕನ್ನಡ ಕುಟುಂಬಗಳು ಗಾಳ ಹಾಕಲು ಉತ್ತರ ಮಿನ್ನೆಸೋಟಾಕ್ಕೆ ಹೊರಟಿವೆ. ಕರ್ನಾಟಕದಿಂದ ಬಂದಿರುವ ತಂದೆತಾಯಂದಿರೂ ಜೊತೆಗಿರುವುದರಿಂದ, ನಮ್ಮಲ್ಲಿ ಯಾರೂ ಹಿಂದೆ ಕಂಡಿರದ ಲೇಕುಗಳಲ್ಲಿ ಯಾವ ಮೀನಿಗೆ ಯಾವುದನ್ನು ಆರಿಸಿಕೊಳ್ಳಬೇಕೆಂದು ತಿಳಿಸುವ ಕಿರುಹೊತ್ತಗೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದು ಶುಕ್ರವಾರ ಅಚ್ಚಿಗೆ ಹೋಗಬೇಕು.

ಹತ್ತು ಎಕರೆಗಿಂತ ದೊಡ್ಡ ಲೇಕುಗಳೇ ಈ ರಾಜ್ಯದಲ್ಲಿ 11,842 ಇವೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯು ಅವುಗಳಲ್ಲಿ ಸಾವಿರಾರು ಲೇಕುಗಳ ಆಳದ ನಕ್ಷೆಯನ್ನೂ, ಬಲೆ ಹಾಕಿ ಎಣಿಸಿದ ವರದಿಯನ್ನೂ, ಯಾವ ವರ್ಷ ಯಾವ ಮೀನಿನ ಮರಿ ಬಿಡಲಾಯಿತೆಂಬ ಪಟ್ಟಿಯನ್ನೂ ಜಾಲತಾಣದಲ್ಲಿ ಇಟ್ಟಿದೆ. ಹೊಸಬರು ಲೇಕನ್ನು ಆರಿಸುವುದು ಅವನ್ನು ಓದಿಯೇ. ನನಗೆ ತೊಡಕಾಗಿರುವುದು ಅಲ್ಲಿ ಮತ್ತೆ ಮತ್ತೆ ಬರುವ ‘ಸ್ಟ್ರಕ್ಚರ್’ ಎಂಬ ಮಾತು. ನೀರಿನಡಿಯ ದಿಬ್ಬ, ದಡದಿಂದ ಒಳಕ್ಕೆ ಚಾಚಿಕೊಂಡ ನೆಲ, ತಟ್ಟನೆ ಆಳಕ್ಕೆ ಇಳಿಯುವ ಅಂಚು, ಇವೆಲ್ಲವನ್ನೂ ಅದು ಒಟ್ಟಾಗಿ ಹೇಳುತ್ತದೆ. ನಾನು ‘ಜಲಾಂತರ್ಗತ ಸಂರಚನೆ’ ಎಂದು ಬರೆದಿದ್ದೆ; ಓದಿದ ತಂದೆಯವರು ಇದು ಯಾವ ಸೇತುವೆಯ ವಿಷಯವೆಂದು ಕೇಳಿದರು. ‘ಸ್ಟೇನ್ಡ್ ವಾಟರ್’ ಎಂಬುದಕ್ಕೂ ಮಾತು ಬೇಕು. ಜೌಗುನೆಲದಿಂದ ಹರಿದುಬಂದು ಚಹಾದ ಬಣ್ಣಕ್ಕೆ ತಿರುಗಿದ ನೀರು ಅದು, ಕೊಳಕು ನೀರಲ್ಲ. ಇನ್ನು ವಾಲೈ, ಪೈಕ್, ಮಸ್ಕಿ ಎಂಬ ಮೂರು ಹೆಸರುಗಳನ್ನು ಹಾಗೆಯೇ ಇಡಬೇಕೋ ಕನ್ನಡಿಸಬೇಕೋ ತಿಳಿಸಿರಿ.

ಮೈಸೂರಿನಿಂದ

ತಾವು ಕೇಳದೆ ಬಿಟ್ಟ ಪದದಿಂದಲೇ ಆರಂಭಿಸಬೇಕಾಗಿದೆ. ‘ಲೇಕು’ ಎಂದರೇನು? ಕನ್ನಡದಲ್ಲಿ ಸರೋವರ ಎಂಬ ಮಾತು ಇಲ್ಲವೆ? ‘ಕೆರೆ’ ಎಂದು ಬರೆಯಿರೆಂದು ಯಾರಾದರೂ ಹೇಳುವ ಮೊದಲೇ ತಿಳಿಸುತ್ತೇನೆ: ಕೆರೆಯನ್ನು ಕಟ್ಟಿಸುತ್ತಾರೆ, ಅದಕ್ಕೆ ಏರಿ, ತೂಬು, ಕೋಡಿಗಳಿರುತ್ತವೆ. ಹಿಮನದಿ ಕೊರೆದುಹೋದ ತಗ್ಗಿನಲ್ಲಿ ನೀರು ನಿಂತರೆ ಅದು ಕೆರೆಯಾಗುವುದಿಲ್ಲ. ಹಳಗನ್ನಡದಲ್ಲಿ ಅದು ಶಕಟರೇಫದ ‘ಕೆಱೆ’ ಎಂಬುದನ್ನೂ ಮರೆಯಬಾರದು. ನೀರಿನಡಿಯ ದಿಬ್ಬಕ್ಕೆ ಯಾರೋ ‘ಮುಳುಗುದ್ವೀಪ’ ಎಂದು ಬರೆದದ್ದನ್ನು ಬೇರೊಂದು ಕಡೆ ನೋಡಿದ್ದೆ. ಅದು ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ಒಪ್ಪುತ್ತಿರಲಿಲ್ಲ, ನಾನೂ ಒಪ್ಪುವುದಿಲ್ಲ.

ವಾಲೈಗೆ ‘ಗೋಡೆಗಣ್ಣ’ ಎಂಬುದು ಸರಳವಾಗಿದೆ. ಪೈಕ್ ಎಂದರೆ ಈಟಿ. ‘ಈಟಿಮೀನು’ ಎಂದರೆ ಮುಗಿಯಿತು. ಮಸ್ಕಿಗೆ ‘ಹೆಬ್ಬೀಟಿಮೀನು’.

ಧಾರವಾಡದಿಂದ

ಗೋಡೆಗೂ ಆ ಮೀನಿಗೂ ಸಂಬಂಧವಿಲ್ಲ. ಇಂಗ್ಲಿಷಿನ ಆ ‘ವಾಲ್’ ಹಳೆಯ ನಾರ್ಸ್ ಭಾಷೆಯ ‘ವಗ್ಲ್’ ಎಂಬುದರಿಂದ ಬಂದದ್ದು. ಅದು ಕಣ್ಣಿನಲ್ಲಿ ಕಾಣುವ ಪೊರೆ ಅಥವಾ ಮಚ್ಚೆಯನ್ನು ಹೇಳುತ್ತಿತ್ತು. ನಿಘಂಟು ತೆರೆಯದೆ ಪದ ಟಂಕಿಸುವ ಚಾಳಿ ಈ ಬಳಗದಲ್ಲಿ ಹೆಚ್ಚಾಗಿದೆ. ಕನ್ನಡಿಸಲೇಬೇಕೆಂದಿದ್ದರೆ ‘ಗಾಜುಗಣ್ಣ’ ಎನ್ನಬಹುದು, ಏಕೆಂದರೆ ಅದರ ಶಾಸ್ತ್ರೀಯ ಹೆಸರಿನ ‘ವಿಟ್ರಿಯಸ್’ ಎಂಬುದಕ್ಕೂ ಗಾಜಿನಂತಹುದು ಎಂದೇ ಅರ್ಥ. ಕನ್ನಡಿಸಬೇಕೆಂದು ನಾನು ಹೇಳುತ್ತಿಲ್ಲ.

ಕುಂದಾಪುರದಿಂದ

ದಿಬ್ಬಕ್ಕೆ ದಿಬ್ಬ ಎಂದರೆ ಸಾಕಲ್ಲವೆ? ದ್ವೀಪವೆಂದೇ ಬೇಕಿದ್ದರೆ ನಮ್ಮ ಕಡೆ ಹೊಳೆಯ ನಡುವಿನ ಗಡ್ಡೆಗೆ ‘ಕುದ್ರು’ ಎನ್ನುತ್ತಾರೆ. ‘ಮುಳುಗಿದ ಕುದ್ರು’ ಎಂದು ಬರೆದರೆ ಕರಾವಳಿಯವರಿಗೆ ಕೂಡಲೇ ತಿಳಿಯುತ್ತದೆ, ಅರಿಸಮಾಸದ ಭಯವೂ ಇಲ್ಲ. ತಗ್ಗಿಗೆ ‘ಮಡು’ ಇದೆ. ‘ಸ್ಟ್ರಕ್ಚರ್’ ಎಂಬುದಕ್ಕೆ ‘ತಳದ ಏರುತಗ್ಗು’ ಎನ್ನಿರಿ. ಬಣ್ಣದ ನೀರಿಗೆ ‘ಬಗ್ಗಡ’ ಎಂದು ಮಾತ್ರ ಬರೆಯಬೇಡಿರಿ, ಅದು ಮಣ್ಣು ಕಲೆತದ್ದು. ಮೀನಿನ ಹೆಸರುಗಳ ಬಗ್ಗೆ ನನ್ನದೇನೂ ಇಲ್ಲ, ತಿನ್ನುವವರು ನೀವು.

ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಿಂದ

ಈ ಹೊತ್ತಗೆಯನ್ನು ಓದುವವರು ಅದನ್ನು ಹಿಡಿದುಕೊಂಡು ದೋಣಿ ಹತ್ತುತ್ತಾರೆ ಎಂಬುದನ್ನು ಮೇಲಿನ ಪತ್ರಗಳು ಮರೆತಿವೆ. ಪೈಕ್ ಈಟಿಮೀನಾಗಿ, ಮಸ್ಕಿ ಹೆಬ್ಬೀಟಿಮೀನಾದರೆ ಓದುವವರು ಎರಡನ್ನೂ ಗಾತ್ರದಿಂದ ಗುರುತಿಸಲು ಹೊರಡುತ್ತಾರೆ. ದೊಡ್ಡ ಪೈಕ್ ಮರಿಮಸ್ಕಿಗಿಂತ ಉದ್ದವಾಗಿರುತ್ತದೆ. ಮಿನ್ನೆಸೋಟಾದ ಬಹುಪಾಲು ನೀರುಗಳಲ್ಲಿ 54 ಇಂಚಿಗಿಂತ ಚಿಕ್ಕದಾದ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ಪೈಕ್‌ಗೆ ರಾಜ್ಯವನ್ನು ಮೂರು ವಲಯಗಳಾಗಿ ಹಂಚಿ ಬೇರೆ ಬೇರೆ ಅಳತೆ ಇಟ್ಟಿದ್ದಾರೆ. ನಿಯಮದ ಪುಸ್ತಕದಲ್ಲಿ ಪೈಕ್ ಮತ್ತು ಮಸ್ಕಿ ಎಂದೇ ಇರುವಾಗ ನಮ್ಮ ಹೊತ್ತಗೆಯಲ್ಲಿ ಬೇರೆ ಹೆಸರಿದ್ದರೆ ದಂಡ ಕಟ್ಟುವವರು ಮೈಸೂರಿನವರಲ್ಲ. ಹೆಸರುಗಳನ್ನು ಹಾಗೆಯೇ ಬಿಟ್ಟು ಗುರುತನ್ನು ಕನ್ನಡದಲ್ಲಿ ಹೇಳಿರಿ: ಪೈಕ್‌ನದು ಕಡುಮೈ, ಅದರ ಮೇಲೆ ತಿಳಿಬಣ್ಣದ ಚುಕ್ಕೆಗಳು, ಬಾಲದ ತುದಿಗಳು ದುಂಡು, ಮಸ್ಕಿಯದು ತಿಳಿಮೈ, ಅದರ ಮೇಲೆ ಕಡುಬಣ್ಣದ ಪಟ್ಟೆ ಅಥವಾ ಚುಕ್ಕೆಗಳು, ಬಾಲದ ತುದಿಗಳು ಚೂಪು. ಆಗಲೂ ಅನುಮಾನ ಉಳಿದರೆ ಕೆಳದವಡೆಯ ಅಡಿಯಲ್ಲಿ ಒಂದೊಂದು ಪಕ್ಕಕ್ಕೆ ಎಷ್ಟು ಸಣ್ಣ ರಂಧ್ರಗಳಿವೆಯೆಂದು ಎಣಿಸಬೇಕು. ಐದು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಪೈಕ್, ಆರು ಅಥವಾ ಹೆಚ್ಚಿದ್ದರೆ ಮಸ್ಕಿ.

ಲೇಕಿನ ಆಯ್ಕೆಯ ವಿಷಯದಲ್ಲಿ ತೂಕವುಳ್ಳ ಪದ ನೀರಿನ ಬಣ್ಣದ್ದು. ವಾಲೈಯ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿ ಚಿಮ್ಮುವ ಪದರವಿದೆ; ಮಬ್ಬಿನಲ್ಲಿ ಅದು ತನ್ನ ಬೇಟೆಗಿಂತ ಚೆನ್ನಾಗಿ ಕಾಣುತ್ತದೆ, ಬಿಸಿಲು ಏರಿದಾಗ ಆಳಕ್ಕೋ ನೆರಳಿಗೋ ಸರಿಯುತ್ತದೆ. ತಿಳಿನೀರಿನ ಲೇಕನ್ನು ಆರಿಸಿದವರು ವಾಲೈಗಾಗಿ ಮುಸ್ಸಂಜೆಯನ್ನೋ ರಾತ್ರಿಯನ್ನೋ ಕಾಯಬೇಕಾದೀತು. ಚಹಾಬಣ್ಣದ ನೀರಿನಲ್ಲಿ ಹಗಲಲ್ಲೇ, ಕಡಿಮೆ ಆಳದಲ್ಲೇ ಸಿಗುವ ಸಂಭವ ಹೆಚ್ಚು. ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಇಲಾಖೆಯ ವರದಿಯಲ್ಲಿ ಸೆಕ್ಕಿ ಅಳತೆ ಎಂದು ಕೊಟ್ಟಿರುತ್ತಾರೆ. ಊಟದ ತಟ್ಟೆಯಷ್ಟಗಲದ ಬಿಲ್ಲೆಯನ್ನು ಹಗ್ಗ ಕಟ್ಟಿ ನೀರಿಗಿಳಿಸಿ, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಬರೆದುಕೊಳ್ಳುವ ಕ್ರಮ ಅದು; ‘ತಿಳಿಯಾಳ’ ಎಂದರೆ ನಡೆಯುತ್ತದೆ. ಸ್ಟೇನ್ಡ್ ವಾಟರ್‌ಗೆ ‘ಒಗರುನೀರು’ ಎಂದು ನನ್ನ ಸಲಹೆ. ಬಣ್ಣ ಬರುವುದು ಕೊಳೆತ ಸೊಪ್ಪುಸದೆಯ ಟ್ಯಾನಿನ್ ಎಂಬ ಒಗರಿನ ಪದಾರ್ಥದಿಂದ, ಅಡಿಕೆಯ ಚೊಗರೂ ಟ್ಯಾನಿನ್ನೇ.

ದೊಡ್ಡ ಪೈಕ್ ಮತ್ತು ಮಸ್ಕಿ ಬೇಕಾದವರು ವರದಿಯಲ್ಲಿ ಸಿಸ್ಕೋ ಎಂಬ ತಣ್ಣೀರಿನ ಕೊಬ್ಬುಮೀನು ಇದೆಯೇ ಎಂದು ಮೊದಲು ನೋಡಬೇಕು. ಮಿನ್ನೆಸೋಟಾದಲ್ಲಿ ಅದನ್ನು ಟುಲಿಬೀ ಎಂದೂ ಕರೆಯುತ್ತಾರೆ. ಮೇವಿಲ್ಲದ ಕಡೆ ಪೈಕ್ ಸಂಖ್ಯೆಯಲ್ಲಿ ಹೆಚ್ಚಾಗುತ್ತದೆ, ಮೈತುಂಬುವುದಿಲ್ಲ. ಮಸ್ಕಿಯಂತೂ ಎಲ್ಲಿಯೂ ವಿರಳ. ಅದನ್ನು ಹತ್ತು ಸಾವಿರ ಎಸೆತದ ಮೀನೆಂದು ಇಲ್ಲಿಯವರು ಸುಮ್ಮನೆ ಕರೆಯುವುದಿಲ್ಲ. ಹೊಸಬರು ಲೀಚ್ ಲೇಕಿನಂತಹ, ಲಕ್ಷ ಎಕರೆ ಮೀರಿದ ನೀರಿಗೆ ಮಸ್ಕಿಗಾಗಿ ಮೊದಲು ಇಳಿಯದೆ, ಮರಿ ಬಿಟ್ಟ ದಾಖಲೆಯಿರುವ, ಒಂದೆರಡು ದಿನದಲ್ಲಿ ಸುತ್ತಿ ನೋಡಬಹುದಾದ ಚಿಕ್ಕದೊಂದನ್ನು ಆರಿಸುವುದು ಲೇಸು.

ಕೆರೆಯ ವಾದಕ್ಕೆ ಒಂದು ಮಾತು. ಲೀಚ್ ಮತ್ತು ವಿನ್ನಿಬಿಗೋಷಿಷ್ ಲೇಕುಗಳಿಗೆ 1880ರ ದಶಕದಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ಅಣೆಕಟ್ಟು ಹಾಕಿ ನೀರು ಏರಿಸಿದ್ದಾರೆ. ಮಿಲ್ ಲ್ಯಾಕ್ಸ್ ಎಂಬ ಲೇಕು ನಿಂತಿರುವುದು ಹಿಮನದಿ ಬಿಟ್ಟುಹೋದ ಮಣ್ಣುಕಲ್ಲಿನ ದಂಡೆಯ ಹಿಂದೆ. ಏರಿಯಿದೆ, ಕಟ್ಟಿದವರು ಮನುಷ್ಯರಲ್ಲ, ಅಷ್ಟೇ. ನಮ್ಮ ರಾಜ್ಯದ ಚಿಪ್ಪೆವಾ ಫ್ಲೋಏಜ್ ಎಂಬ ದೊಡ್ಡ ನೀರು 1920ರ ದಶಕದ ಅಣೆಕಟ್ಟಿನ ಕೂಸು. ಇವನ್ನು ಏನೆಂದು ಕರೆಯೋಣ?

ಮೈಸೂರಿನಿಂದ

ಜಲಾಶಯವೆಂದು. ಇಂಗ್ಲಿಷಿನ ಹೆಸರುಗಳಿಗೆ ಹೀಗೆ ಬಾಗಿಲು ತೆರೆದಿಟ್ಟರೆ ನಾಳೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಧಾರವಾಡದಿಂದ

ಮಸ್ಕಿ ಇಂಗ್ಲಿಷಿನದಲ್ಲ. ಅಲ್ಲಿಯ ಮೂಲನಿವಾಸಿಗಳಾದ ಓಜಿಬ್ವೆ ಜನರ ‘ಮಾಷ್ಕಿನೋಜೆ’ ಫ್ರೆಂಚರ ಬಾಯಲ್ಲಿ ತಿರುಚಿಕೊಂಡು ಇಂಗ್ಲಿಷಿಗೆ ಬಂದದ್ದು. ಆ ಭಾಷೆಯಲ್ಲಿ ‘ಗಿನೋಜೆ’ ಎಂದರೆ ಪೈಕ್, ‘ಮಾಷ್ಕಿನೋಜೆ’ ಎಂದರೆ ಕುರೂಪಿ ಪೈಕ್. ಎರಡರ ನಂಟು ಹೆಸರಿನಲ್ಲೇ ಇದೆ. ಸಾಬೂನು, ಮೇಜುಗಳನ್ನು ನಮ್ಮವಾಗಿಸಿಕೊಂಡ ಭಾಷೆಗೆ ಇದೊಂದು ಮೀನು ಭಾರವಾಗುವುದಿಲ್ಲ. ಸಂಸ್ಕೃತದಿಂದ ತಂದರೆ ಸಂಪತ್ತು, ಬೇರೆಡೆಯಿಂದ ತಂದರೆ ಸಾಲ ಎಂಬ ಲೆಕ್ಕ ನನಗೆ ಎಂದೂ ಅರ್ಥವಾಗಿಲ್ಲ.

ಮೈಸೂರಿನಿಂದ

ಹಾಗಾದರೆ ಮಾಷ್ಕಿನೋಜೆ ಎಂದೇ ಬರೆಯಲಿ. ಮೂಲದಿಂದ ನೇರವಾಗಿ ತಂದರೆ ನನ್ನ ಆಕ್ಷೇಪವಿಲ್ಲ. ‘ಒಗರುನೀರು’ ಒಪ್ಪತಕ್ಕದ್ದಲ್ಲ, ಒಗರು ರುಚಿ, ಬಣ್ಣವಲ್ಲ.

ಮಿನಿಯಾಪೊಲಿಸ್‌ನಿಂದ

ಎಲ್ಲರಿಗೂ ಕೃತಜ್ಞತೆಗಳು. ರುಚಿಯ ಆಕ್ಷೇಪ ಸರಿಯೆನಿಸಿದ್ದರಿಂದ ‘ಚಹಾಬಣ್ಣದ ನೀರು’ ಎಂದೇ ಇಡುತ್ತಿದ್ದೇನೆ. ನಕ್ಷೆಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರುವ ಹೆಸರನ್ನೇ ಹುಡುಕಬೇಕಾದ್ದರಿಂದ ಲೀಚ್ ಲೇಕ್ ಮುಂತಾದ ಹೆಸರುಗಳಲ್ಲಿ ‘ಲೇಕ್’ ಉಳಿಯುತ್ತದೆ, ಬಿಡಿಯಾಗಿ ಬಂದ ಕಡೆ ‘ಸರೋವರ’ ಎಂದಿರುತ್ತದೆ. ಮೀನುಗಳ ಹೆಸರನ್ನು ಮುಟ್ಟಿಲ್ಲ; ದವಡೆಯ ರಂಧ್ರಗಳಿಗೆ ಒಂದು ಚಿತ್ರ ಸೇರಿಸಿದ್ದೇನೆ. ಅಚ್ಚಿಗೆ ಹೋಗುವ ಸಾಲುಗಳು ಹೀಗಿವೆ, ಕಾಗುಣಿತ ಮಾತ್ರ ನೋಡಿಕೊಡಿರಿ:

‘ವಾಲೈ ಬೇಕಾದವರು ತಿಳಿಯಾಳ ಕಡಿಮೆಯಿರುವ, ಚಹಾಬಣ್ಣದ ನೀರಿನ ಸರೋವರವನ್ನು ಆರಿಸಿಕೊಳ್ಳಿರಿ. ನಕ್ಷೆಯಲ್ಲಿ ಆಳದ ಗೆರೆಗಳು ಒತ್ತೊತ್ತಾಗಿರುವ ಕಡೆ ತಳ ಕಡಿದಾಗಿ ಇಳಿಯುತ್ತದೆ. ಮುಳುಗಿದ ಕುದ್ರುಗಳನ್ನೂ ನೆಲದ ಚಾಚುಗಳನ್ನೂ ಹೊರಡುವ ಮೊದಲೇ ಗುರುತು ಮಾಡಿಕೊಂಡು, ಗಾಳಿ ಬಂದು ಬಡಿಯುವ ದಡದಿಂದ ಆರಂಭಿಸಿರಿ. ಪೈಕ್‌ಗಾಗಿ ನೀರುಗಿಡಗಳ ಹೊರ ಅಂಚನ್ನು ಹಿಡಿದು ಸಾಗಿರಿ, ಹಲ್ಲಿಗೆ ದಾರ ತುಂಡಾಗದಂತೆ ಗಾಳದ ಹಿಂದೆ ಉಕ್ಕಿನ ತಂತಿ ಇರಲಿ.’

‘ಚಾಚು’ ಎಂಬುದು ಉತ್ತರ ಕರ್ನಾಟಕದವರಿಗೆ ತಿಳಿಯುತ್ತದೆಯೇ ಎಂಬುದೊಂದನ್ನು ಧಾರವಾಡದವರು ಗುರುವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಧಾರವಾಡದಿಂದ

ತಿಳಿಯುತ್ತದೆ. ‘ಆರಿಸಿಕೊಳ್ಳಿರಿ’ ಎಂಬಲ್ಲಿ ಒತ್ತಕ್ಷರ ಸರಿಯಾಗಿದೆ, ಮೈಸೂರಿನವರು ಏನೇ ಹೇಳಲಿ.