ಆಂಟಿವೈರಸ್ ತೆಗೆದ ನಂತರ ಅಂತರ್ಜಾಲ ಸಂಪರ್ಕವಿಲ್ಲ. ‘ಸಾಕೆಟ್ ಅಲ್ಲ’ ಎಂಬ ದೋಷ ಸಂದೇಶ ಬರುತ್ತಿದೆ

ಪ್ರಶ್ನೆ

ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಅವಧಿ ಮುಗಿದಿದ್ದ ಹಳೆಯ ಆಂಟಿವೈರಸ್ ತಂತ್ರಾಂಶವೊಂದನ್ನು ಮೊನ್ನೆ ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆಯಲು ಹೊರಟಾಗ ಕೆಲಸ ಅರ್ಧಕ್ಕೆ ನಿಂತು ಪರದೆ ಸ್ತಬ್ಧವಾಯಿತು. ಬೇರೆ ದಾರಿ ಕಾಣದೆ ಕಂಪ್ಯೂಟರನ್ನು ಬಲವಂತವಾಗಿ ಆರಿಸಿ ಮತ್ತೆ ಆರಂಭಿಸಿದೆ. ಅಂದಿನಿಂದ ಯಾವ ಜಾಲತಾಣವೂ ತೆರೆಯುತ್ತಿಲ್ಲ.

ಅದೇ ರೂಟರಿನಿಂದ ಮೊಬೈಲ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಸಂಪರ್ಕ ಸಿಗುತ್ತಿರುವುದರಿಂದ ದೋಷ ಈ ಕಂಪ್ಯೂಟರಿನಲ್ಲೇ ಇದೆ ಎಂಬುದು ಖಚಿತ. ಕೇಬಲ್ ಬದಲಿಸಿದೆ, ವೈಫೈ ಮೂಲಕವೂ ಪ್ರಯತ್ನಿಸಿದೆ, ಫಲಿತಾಂಶ ಒಂದೇ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ತೋರಿಸುತ್ತದೆ. ಆದರೆ ಕಂಪ್ಯೂಟರಿನ ಜಾಲ ವಿಳಾಸ ತೋರಿಸುವ ಐಪಿಕಾನ್ಫಿಗ್ ಆದೇಶ ಕೊಟ್ಟರೆ 169.254 ಎಂದು ಆರಂಭವಾಗುವ ವಿಳಾಸ ಬರುತ್ತದೆ. ಅದನ್ನು ನವೀಕರಿಸಲು ಹೋದರೆ, ಸಾಕೆಟ್ ಅಲ್ಲದ ಯಾವುದರ ಮೇಲೋ ಕ್ರಿಯೆ ನಡೆಸಲು ಯತ್ನಿಸಲಾಗಿದೆ ಎಂಬ ಅರ್ಥದ ಇಂಗ್ಲಿಷ್ ಸಂದೇಶ ಕಾಣಿಸುತ್ತದೆ. ವಿಂಡೋಸನ್ನು ಹೊಸದಾಗಿ ಹಾಕದೆ ಇದನ್ನು ಸರಿಪಡಿಸಲು ಸಾಧ್ಯವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ವಿಂಡೋಸನ್ನು ಹೊಸದಾಗಿ ಹಾಕುವ ಅಗತ್ಯ ಖಂಡಿತ ಇಲ್ಲ. ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಭಾಗದ ಸ್ಟೇಟಸ್ ಪುಟದ ಕೊನೆಯಲ್ಲಿರುವ ‘ನೆಟ್‌ವರ್ಕ್ ರೀಸೆಟ್’ ಒತ್ತಿರಿ. ಎಲ್ಲ ನೆಟ್‌ವರ್ಕ್ ಅಡಾಪ್ಟರ್‌ಗಳನ್ನು ತೆಗೆದು, ಮರಳಿ ಸ್ಥಾಪಿಸಿ, ಅವುಗಳ ಸೆಟ್ಟಿಂಗ್‌ಗಳನ್ನು ಮೂಲ ಸ್ಥಿತಿಗೆ ತರುವ ಈ ಸೌಲಭ್ಯ 2016ರ 1607 ಆವೃತ್ತಿಯಿಂದಲೇ ವಿಂಡೋಸ್ 10ರಲ್ಲಿದೆ.

ಎರಡನೆಯ ಉತ್ತರ

ಮೇಲಿನ ಸಲಹೆ ತಪ್ಪಲ್ಲ, ಆದರೆ ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ನೆಟ್‌ವರ್ಕ್ ರೀಸೆಟ್ ಮಾಡಿದರೆ ಉಳಿಸಿಟ್ಟ ವೈಫೈ ಗುಪ್ತಪದಗಳು ಅಳಿಸಿಹೋಗುತ್ತವೆ. ವಿಪಿಎನ್‌ನಂತಹ ತಂತ್ರಾಂಶಗಳನ್ನು ಮತ್ತೆ ಹೊಂದಿಸಬೇಕಾಗಬಹುದು. ತಾವು ಕೊಟ್ಟಿರುವ ವಿವರದಲ್ಲೇ ದೋಷದ ಜಾಗ ಬಹುಮಟ್ಟಿಗೆ ಗೊತ್ತಾಗುತ್ತಿರುವಾಗ ಅಷ್ಟು ದೊಡ್ಡ ಕೆಲಸಕ್ಕೆ ಮೊದಲೇ ಕೈಹಾಕಬೇಕಾಗಿಲ್ಲ.

169.254ರ ವಿಳಾಸವನ್ನು ರೂಟರ್ ಕೊಟ್ಟಿಲ್ಲ. ರೂಟರಿನಿಂದ ವಿಳಾಸ ಸಿಗದೆ ಹೋದಾಗ ವಿಂಡೋಸ್ ತಾನೇ ಆರಿಸಿಕೊಳ್ಳುವ ವಿಳಾಸ ಅದು. ಕೇವಲ ಇಷ್ಟೇ ಆಗಿದ್ದರೆ ಕೇಬಲ್, ರೂಟರ್, ವಿಳಾಸ ಹಂಚಿಕೆಯ ಡಿಎಚ್‌ಸಿಪಿ ಸೇವೆ ಹೀಗೆ ಹತ್ತು ಕಡೆ ಅನುಮಾನ ಪಡಬೇಕಾಗುತ್ತಿತ್ತು. ಆದರೆ ಸಾಕೆಟ್ ಕುರಿತ ಆ ಸಂದೇಶ, ಅಂದರೆ 10038 ಸಂಖ್ಯೆಯ ದೋಷ, ನೇರವಾಗಿ ವಿನ್‌ಸಾಕ್ ಕಡೆಗೆ ಬೆರಳು ತೋರುತ್ತದೆ.

ಬ್ರೌಸರ್, ಮೇಲ್ ಮುಂತಾದ ತಂತ್ರಾಂಶಗಳು ಜಾಲದೊಂದಿಗೆ ಮಾತನಾಡಲು ವಿಂಡೋಸ್ ಒದಗಿಸುವ ಪದರವೇ ವಿನ್‌ಸಾಕ್; ಹಾಗೆ ಮಾತನಾಡಲು ತೆರೆಯುವ ಸಂಪರ್ಕದ ತುದಿಗೆ ಸಾಕೆಟ್ ಎನ್ನುತ್ತಾರೆ. ಹಳೆಯ ಆಂಟಿವೈರಸ್‌ಗಳು ಬಂದುಹೋಗುವ ಮಾಹಿತಿಯನ್ನು ತಪಾಸಣೆ ಮಾಡಲು ತಮ್ಮದೊಂದು ಡಿಎಲ್‌ಎಲ್ ಕಡತವನ್ನು ಈ ಪದರದ ನಡುವೆ ಸೇರಿಸುತ್ತಿದ್ದವು. ಇದಕ್ಕೆ ಎಲ್‌ಎಸ್‌ಪಿ ಎಂದು ಹೆಸರು. ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುವವರ ನಡುವೆ ಹೊಸಬನೊಬ್ಬ ಬಂದು ನಿಂತಂತೆ. ಅವನು ಹೋಗುವಾಗ ಉಳಿದವರು ಹತ್ತಿರ ಸರಿದುಕೊಂಡರೆ ಕೆಲಸ ಮುಂದುವರಿಯುತ್ತದೆ. ತಮ್ಮಲ್ಲಿ ಆಗಿರುವುದು, ನನ್ನ ಊಹೆಯ ಪ್ರಕಾರ, ಇಷ್ಟು: ಡಿಎಲ್‌ಎಲ್ ಕಡತ ಅಳಿಸಿಹೋಗಿದೆ, ಆದರೆ ವಿನ್‌ಸಾಕ್ ಪಟ್ಟಿಯಲ್ಲಿ ಅದರ ಹೆಸರು ಉಳಿದಿದೆ. ಆದ್ದರಿಂದ ವಿಳಾಸ ಕೇಳುವ ಸೇವೆಗೂ ಸಾಕೆಟ್ ತೆರೆಯಲಾಗುತ್ತಿಲ್ಲ.

ಈ ಊಹೆಯನ್ನು ಪರೀಕ್ಷಿಸಿ ನೋಡಬಹುದು. ಕಮಾಂಡ್ ಪ್ರಾಂಪ್ಟ್ ಮೇಲೆ ಬಲ ಕ್ಲಿಕ್ ಮಾಡಿ, ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಆರಿಸಿ ತೆರೆಯಿರಿ. ಸಾಮಾನ್ಯವಾಗಿ ತೆರೆದರೆ ಕೊನೆಯಲ್ಲಿ ಕೊಡಬೇಕಾದ ರೀಸೆಟ್ ಆದೇಶ ನಡೆಯುವುದಿಲ್ಲ. ಅಲ್ಲಿ ‘ನೆಟ್‌ಎಸ್‌ಎಚ್ ವಿನ್‌ಸಾಕ್ ಶೋ ಕ್ಯಾಟಲಾಗ್’ ಎಂಬ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ‘ಲೇಯರ್ಡ್ ಚೈನ್ ಎಂಟ್ರಿ’ ಎಂದಿರುವ, ಆಂಟಿವೈರಸ್‌ನ ಫೋಲ್ಡರನ್ನು ತೋರಿಸುವ ಸಾಲು ಸಿಕ್ಕರೆ ಕಳ್ಳ ಸಿಕ್ಕಂತೆಯೇ. ಬಳಿಕ ‘ನೆಟ್‌ಎಸ್‌ಎಚ್ ವಿನ್‌ಸಾಕ್ ರೀಸೆಟ್’ ಎಂದು ಕೊಟ್ಟು ಕಂಪ್ಯೂಟರನ್ನು ಮರು ಆರಂಭಿಸಿರಿ. ಮರು ಆರಂಭಿಸುವವರೆಗೆ ಬದಲಾವಣೆ ಪೂರ್ಣವಾಗುವುದಿಲ್ಲ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕಿನೊಂದಿಗೆ ಬಂದ ಆದೇಶವಿದು. ಅದಕ್ಕೂ ಮೊದಲು ಇದೇ ಕೆಲಸಕ್ಕೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯ ಕೀಲಿಗಳನ್ನು ಕೈಯಾರೆ ಅಳಿಸಿ, ಜಾಲ ಸಂಪರ್ಕದ ಮೂಲ ನಿಯಮಗಳಾದ ಟಿಸಿಪಿ/ಐಪಿಯನ್ನು ಮತ್ತೆ ಸ್ಥಾಪಿಸಬೇಕಿತ್ತು. ಆ ಕಾಲ ಮರಳಿ ಬರುವುದು ಬೇಡ.

ಒಮ್ಮೆಗೆ ಒಂದೇ ಕೆಲಸ ಮಾಡಿ ಫಲಿತಾಂಶ ನೋಡಿರಿ. ನಾಲ್ಕು ಆದೇಶಗಳನ್ನು ಒಟ್ಟಿಗೆ ಕೊಟ್ಟರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಹೊಸ ತೊಂದರೆ ಬಂತು ಎಂಬುದು ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರು

ತಮ್ಮ ಊಹೆ ನಿಜವಾಯಿತು. ಪಟ್ಟಿಯಲ್ಲಿ ಆ ಆಂಟಿವೈರಸ್‌ನ ಫೋಲ್ಡರಿನ ಹೆಸರು ಹಲವು ಕಡೆ ಇತ್ತು; ಆ ಫೋಲ್ಡರನ್ನು ಹುಡುಕಿದರೆ ಅದು ಖಾಲಿಯಾಗಿತ್ತು. ರೀಸೆಟ್ ಮಾಡಿ ಮರು ಆರಂಭಿಸಿದ ಬಳಿಕ 192.168ರಿಂದ ಆರಂಭವಾಗುವ ವಿಳಾಸ ತಾನಾಗಿಯೇ ಬಂದಿದೆ. ರೂಟರಿಗೂ ಹೊರಗಿನ ಜಾಲತಾಣದ ಹೆಸರಿಗೂ ಪಿಂಗ್ (ಸಂಪರ್ಕ ಪರೀಕ್ಷಿಸುವ ಆದೇಶ) ಕೊಟ್ಟರೆ ಉತ್ತರ ಬರುತ್ತಿದೆ. ಆದರೂ ಬ್ರೌಸರ್‌ನಲ್ಲಿ ಒಂದು ಪುಟವೂ ತೆರೆಯುತ್ತಿಲ್ಲ! ಈಗ ‘ನೆಟ್‌ಎಸ್‌ಎಚ್ ಇಂಟ್ ಐಪಿ ರೀಸೆಟ್’ ಎಂಬ ಆದೇಶವನ್ನೂ ಕೊಡಬೇಕೇ?

ಎರಡನೆಯ ಉತ್ತರ ಬರೆದವರು

ಅದು ಬೇಡ. ಆ ಆದೇಶ ಟಿಸಿಪಿ/ಐಪಿಗೆ ಸಂಬಂಧಿಸಿದ ರಿಜಿಸ್ಟ್ರಿ ನಮೂದುಗಳನ್ನು ಮೂಲ ಸ್ಥಿತಿಗೆ ತರುತ್ತದೆ. ತಮಗೆ ವಿಳಾಸ ಸಿಕ್ಕಿದೆ, ಹೆಸರಿನಿಂದ ಪಿಂಗ್ ಆಗುತ್ತಿರುವುದರಿಂದ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೂಡ ಸರಿಯಿದೆ; ಅಂದಮೇಲೆ ಆ ಪದರದಲ್ಲಿ ದೋಷ ಹುಡುಕುವುದರಲ್ಲಿ ಅರ್ಥವಿಲ್ಲ. ಪಿಂಗ್ ನಡೆದು ಬ್ರೌಸರ್ ಮಾತ್ರ ನಡೆಯದಿದ್ದಾಗ ನಾನು ಮೊದಲು ನೋಡುವುದು ಪ್ರಾಕ್ಸಿಯನ್ನು, ಅಂದರೆ ಬ್ರೌಸರ್ ಮತ್ತು ಜಾಲದ ನಡುವೆ ನಿಲ್ಲುವ ಮಧ್ಯವರ್ತಿಯನ್ನು. ಸೆಟ್ಟಿಂಗ್ಸ್‌ನ ಅದೇ ನೆಟ್‌ವರ್ಕ್ ಭಾಗದಲ್ಲಿ ಪ್ರಾಕ್ಸಿ ಪುಟ ತೆರೆದು, ‘ಯೂಸ್ ಎ ಪ್ರಾಕ್ಸಿ ಸರ್ವರ್’ ಚಾಲೂ ಇದೆಯೇ, ವಿಳಾಸದ ಜಾಗದಲ್ಲಿ 127.0.0.1 ಇದೆಯೇ ಎಂದು ನೋಡಿರಿ. ಅದು ತಮ್ಮ ಕಂಪ್ಯೂಟರಿನ ಸ್ವಂತ ವಿಳಾಸ. ಅಲ್ಲಿ ಕುಳಿತು ಪುಟಗಳನ್ನು ತಪಾಸಣೆ ಮಾಡುತ್ತಿದ್ದ ತಂತ್ರಾಂಶ ಈಗಿಲ್ಲವಾದರೂ ಬ್ರೌಸರ್ ಅದರ ಬಾಗಿಲನ್ನೇ ತಟ್ಟುತ್ತಿರಬಹುದು.

ಪ್ರಶ್ನೆ ಕೇಳಿದವರು

127.0.0.1 ಅಲ್ಲಿಯೇ ಇತ್ತು. ಪ್ರಾಕ್ಸಿಯನ್ನು ಆಫ್ ಮಾಡಿದ ಕೂಡಲೇ ಪುಟಗಳು ತೆರೆದವು. ಈ ಸಾಲುಗಳನ್ನು ಅದೇ ಕಂಪ್ಯೂಟರಿನಿಂದ ಬರೆಯುತ್ತಿದ್ದೇನೆ. ಇಬ್ಬರಿಗೂ ಧನ್ಯವಾದಗಳು.

ಮೂರನೆಯ ಉತ್ತರ

ತಡವಾಗಿ ಓದಿದೆ, ಆದರೂ ಒಂದು ಮಾತು. ಅರ್ಧ ಅಳಿದ ಆಂಟಿವೈರಸ್‌ನ ಚಾಲಕ (ಡ್ರೈವರ್) ಕಡತಗಳು ಇನ್ನೂ ಉಳಿದಿರಬಹುದು. ನೆಟ್‌ವರ್ಕ್ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದರೆ ಟಿಸಿಪಿ/ಐಪಿ ಮುಂತಾದವುಗಳ ಪಟ್ಟಿ ಕಾಣುತ್ತದೆ. ಅದರಲ್ಲಿ ಆ ತಂತ್ರಾಂಶದ ಹೆಸರಿನ ಫಿಲ್ಟರ್ ಇದ್ದರೆ ಅದನ್ನು ಆಯ್ದು ‘ಅನ್‌ಇನ್‌ಸ್ಟಾಲ್’ ಒತ್ತಿರಿ. ಹಲವು ಆಂಟಿವೈರಸ್ ತಯಾರಕರು ತಮ್ಮ ತಂತ್ರಾಂಶವನ್ನು ಪೂರ್ತಿಯಾಗಿ ತೆಗೆಯಲು ಪ್ರತ್ಯೇಕ ಉಪಕರಣವನ್ನೇ ಕೊಡುತ್ತಾರೆ. ಈಗ ಸಂಪರ್ಕವಿರುವುದರಿಂದ ಅದನ್ನು ತಯಾರಕರ ಜಾಲತಾಣದಿಂದಲೇ ಇಳಿಸಿಕೊಂಡು ಒಮ್ಮೆ ಓಡಿಸಿರಿ, ಆನಂತರವೇ ಹೊಸ ಆಂಟಿವೈರಸ್ ಹಾಕಿರಿ.