ವಿದೇಶದ ಎಂಎಸ್ಸಿಗೆ ಡೊಂಬಿವಲಿ ಫ್ಲ್ಯಾಟ್ ಅಡ ಇಡಬಹುದಾ?

ಡೊಂಬಿವಲಿ_ಈಸ್ಟ್:
ಮಗ ಪುಣೆ ವಿವಿಯಲ್ಲಿ ಬಿಇ ಮೆಕ್ಯಾನಿಕಲ್, ಕೊನೆಯ ವರ್ಷ. ಸಿಜಿಪಿಎ 7.3, ಬ್ಯಾಕ್‌ಲಾಗ್ ಇಲ್ಲ. ಮುಂದಿನ ವರ್ಷ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್ಸಿ, ಇಲ್ಲವೇ ಜರ್ಮನಿಯಲ್ಲಿ ಎರಡು ವರ್ಷದ್ದು ಅಂತ ಯೋಚನೆ. ಕೈಯಲ್ಲಿ ₹12 ಲಕ್ಷ ಇದೆ. ಇಂಗ್ಲೆಂಡಾದರೆ ಇನ್ನೂ ₹30 ಲಕ್ಷ ಸಾಲ ಬೇಕು. ಅಡ ಇಡಲು ಇರುವುದು ಡೊಂಬಿವಲಿ ಫ್ಲ್ಯಾಟ್ ಒಂದೇ. ಅದರ ಷೇರ್ ಸರ್ಟಿಫಿಕೇಟ್ (ಹೌಸಿಂಗ್ ಸೊಸೈಟಿ ಕೊಡುವ ಸದಸ್ಯತ್ವದ ಪತ್ರ) ಇನ್ನೂ ತೀರಿಹೋದ ನಮ್ಮ ತಂದೆಯವರ ಹೆಸರಲ್ಲೇ ಇದೆ, ನಾನು ನಾಮಿನಿ. ಇಬ್ಬರು ತಂಗಿಯರು ಊರಲ್ಲಿದ್ದಾರೆ. ಕಳಿಸುವುದು ಸರಿಯಾ?

ಠಾಣೆ_ದಸ್ತಾವೇಜು:
ಸಾರ್, ಕಳಿಸುವುದು ಬಿಡುವುದು ಆಮೇಲೆ. ಷೇರ್ ಸರ್ಟಿಫಿಕೇಟಿನ ಕೆಲಸ ಈ ವಾರವೇ ಹಿಡಿಯಿರಿ. ನಾಮಿನಿ ಅಂದರೆ ಮಾಲೀಕ ಅಲ್ಲ. ಸೊಸೈಟಿ ನಿಮ್ಮ ಹೆಸರಿಗೆ ಮಾಡಿಕೊಟ್ಟರೂ ತಂಗಿಯರ ಹಕ್ಕು ಹೋಗುವುದಿಲ್ಲ. ಬ್ಯಾಂಕಿನ ವಕೀಲರು ಟೈಟಲ್ ಸರ್ಚ್, ಅಂದರೆ ಮಾಲೀಕತ್ವದ ದಾಖಲೆ ಪರಿಶೀಲನೆ, ಮಾಡುವಾಗ ಮೊದಲು ನಿಲ್ಲುವುದೇ ಅಲ್ಲಿ.

ಮೊದಲು ತಂದೆಯವರ ಮರಣ ಪ್ರಮಾಣಪತ್ರ ಮತ್ತು ನಾಮಿನೇಶನ್ ಪ್ರತಿ ಕೊಟ್ಟು ಸೊಸೈಟಿಯಲ್ಲಿ ಸದಸ್ಯತ್ವ ವರ್ಗಾವಣೆ. ಅದರ ಜೊತೆಗೇ ತಂಗಿಯರಿಂದ ರಿಲೀಸ್ ಡೀಡ್ (ಹಕ್ಕು ಬಿಟ್ಟುಕೊಡುವ ಪತ್ರ), ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಬರೀ ನೋಟರಿ ಮಾಡಿಸಿದ ಕಾಗದವನ್ನು ಬ್ಯಾಂಕಿನವರು ಬದಿಗೆ ತಳ್ಳುತ್ತಾರೆ. ತಾಯಿ ಇದ್ದರೆ ಅವರೂ ವಾರಸುದಾರರೇ, ಅವರ ಸಹಿ ಮರೆಯಬೇಡಿ. ರೀಸೇಲ್ ಫ್ಲ್ಯಾಟ್ ಆಗಿದ್ದರೆ ಬಿಲ್ಡರ್ ಜೊತೆಗಿನ ಮೊದಲ ಅಗ್ರಿಮೆಂಟಿನಿಂದ ಹಿಡಿದು ಪ್ರತಿಯೊಂದರ ಮೂಲ ಪ್ರತಿಯೂ ಬೇಕು. ಇಂಡೆಕ್ಸ್-2 (ನೋಂದಣಿಯ ಸಾರಾಂಶ ಪ್ರತಿ), ಕಟ್ಟಡದ ಓಸಿ (ವಾಸಯೋಗ್ಯ ಪ್ರಮಾಣಪತ್ರ), ಸೊಸೈಟಿಯ ಎನ್‌ಒಸಿ ಬೇರೆ. ಪಗಡಿ ಮನೆ (ಮುಂಗಡ ಹಣ ಕೊಟ್ಟು ಹಿಡಿದ ಹಳೆ ಬಾಡಿಗೆ ಮನೆ) ಅಥವಾ ಪಾಲಿಕೆಯ ಮಂಜೂರಾತಿ ಇಲ್ಲದ ಕಟ್ಟಡವಾದರೆ ಸುಮ್ಮನೆ ಓಡಾಡಬೇಡಿ, ಅದು ಅಡಕ್ಕೆ ಬರುವುದಿಲ್ಲ.

ಎಲ್ಲ ನೆಟ್ಟಗಿದ್ದರೂ ಎರಡು ಮೂರು ತಿಂಗಳು ಹಿಡಿಯಿರಿ. ಬ್ಯಾಂಕು ‘ಅಡಮಾನ ನೋಂದಣಿಯಾದ ಮೇಲೆ ಹಣ’ ಅಂತ ಷರತ್ತು ಬರೆದ ಸಾಲಪತ್ರ ಕೊಡುತ್ತದೆ. ಬ್ರಿಟನ್ ವೀಸಾಕ್ಕೆ ಅದು ನಡೆಯಲ್ಲ. ವೀಸಾ ಸಿಕ್ಕರೆ ಹಣ ಬಿಡುತ್ತೇವೆ ಅನ್ನುವುದೊಂದನ್ನು ಬಿಟ್ಟು ಪತ್ರದಲ್ಲಿ ಬೇರೆ ಷರತ್ತು ಇರಕೂಡದು.

ಕೊತ್ರೂಡ್_ಮಂದಿ:
ಜರ್ಮನಿ ಬಗ್ಗೆ ಹೇಳ್ತೀನಿ, ನೋಡ್ರಿ. ಅಲ್ಲಿ 1 ಅಂದ್ರ ಅತ್ಯುತ್ತಮ, 4 ಅಂದ್ರ ಬರೇ ಪಾಸ್. ನಮ್ಮ ಅಂಕ ಬದಲಿಸೋ ಸೂತ್ರ ಸರಳ ಅದ: 10ರಿಂದ ನಿಮ್ಮ ಸಿಜಿಪಿಎ ಕಳೀರಿ, 10ರಿಂದ ಪಾಸಿನ ಕನಿಷ್ಠ ಪಾಯಿಂಟ್ ಕಳೆದ್ರ ಬರೋದ್ರಿಂದ ಭಾಗಿಸ್ರಿ, 3ರಿಂದ ಗುಣಿಸಿ 1 ಕೂಡಿಸ್ರಿ. ಪಾಸ್ ಪಾಯಿಂಟ್ 4 ಅಂತ ಹಿಡಿದ್ರ 7.3ಕ್ಕ 2.35 ಬರ್ತದ. ಅಲ್ಲಿಯವರು ಅದನ್ನ 5 ಅಂತ ತಿಳಕೊಂಡ್ರ ಅದೇ 7.3ಕ್ಕ 2.62. ಎಷ್ಟೋ ಕೋರ್ಸಿಗೆ ಗೆರೆ ಎಳೆದಿರೋದು 2.5ಕ್ಕ, ಹಂಗಾಗಿ ಇಷ್ಟರಾಗೇ ಸೀಟು ಹೋಗ್ತದ. ಪಾಸ್ ಪಾಯಿಂಟ್ ಎಷ್ಟು ಅಂತ ತೋರಿಸೋ ಗ್ರೇಡ್ ಕೋಷ್ಟಕ ಮಾರ್ಕ್ಸ್‌ಕಾರ್ಡಿನ ಹಿಂಬದಿ ಇದ್ರ ಅದನ್ನೂ ಸ್ಕ್ಯಾನ್ ಮಾಡ್ರಿ. ಮುಂಬದಿ ಅಷ್ಟೇ ಕಳಿಸೋ ಹುಡುಗ್ರೇ ಜಾಸ್ತಿ. ಕೋಷ್ಟಕ ಇಲ್ಲಾಂದ್ರ ಕಾಲೇಜಿಂದ ಪತ್ರ ತಗೋರಿ. ಸಿಲಬಸ್ ಪ್ರತಿಗೂ ಕಾಲೇಜಿನ ಸಿಕ್ಕಾ ಇರಲಿ, ವಿಷಯವಾರು ಕ್ರೆಡಿಟ್ ತಾಳೆ ನೋಡ್ತಾರ.

ನಮ್ಮ ಅಂಕಪಟ್ಟಿ ಅಸಲಿ ಅಂತ ತೋರಿಸೋ ಎಪಿಎಸ್ ಪ್ರಮಾಣಪತ್ರ ಜರ್ಮನ್ ವಿದ್ಯಾರ್ಥಿ ವೀಸಾಕ್ಕ 2022ರ ನವೆಂಬರಿನಿಂದ ಕಡ್ಡಾಯ, ಶುಲ್ಕ ₹18,000. ಅದು ಕೈಗೆ ಬರಾಕ ವಾರಗಟ್ಟಲೆ ಹಿಡೀತದ, ಅರ್ಜಿ ಹಾಕೋ ಮುಂಚೇನೇ ಮಾಡಿಸ್ರಿ. ಹಲವು ವಿವಿಗಳ ಅರ್ಜಿ ತಗೊಳ್ಳೋ ಯೂನಿ-ಅಸಿಸ್ಟ್ ಸಂಸ್ಥೆ ಮೂಲಕ ಮೊದಲ ಅರ್ಜಿಗೆ 75 ಯೂರೊ, ಆಮೇಲೆ ಒಂದೊಂದಕ್ಕ 30.

ಬಹಳಷ್ಟು ಸರ್ಕಾರಿ ವಿವಿಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದ್ರ ಬಾಡೆನ್-ವುರ್ಟೆಂಬರ್ಗ್ ರಾಜ್ಯದಾಗ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ. ಮ್ಯೂನಿಕ್‌ನ ತಾಂತ್ರಿಕ ವಿವಿ ಟಿಯುಎಂ ಕೂಡ 2024ರಿಂದ ತಗೋತದ, ಎಂಎಸ್ಸಿಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೊ. ವೀಸಾಕ್ಕಂತ ದುಡ್ಡು ಮೊದಲೇ ಇಡೋ ಬ್ಲಾಕ್ಡ್ ಅಕೌಂಟಿಗೆ ವರ್ಷಕ್ಕ 11,904 ಯೂರೊ ಇಡಬೇಕು. ಅದು ಶುಲ್ಕ ಅಲ್ರಿ, ಹುಡುಗನ ಊಟ-ಬಾಡಿಗೆ ದುಡ್ಡೇ, ತಿಂಗಳಿಗೆ 992ರ ಹಂಗ ವಾಪಸ್ ಬರ್ತದ. ಎರಡನೇ ವರ್ಷಕ್ಕೂ ಖರ್ಚಿನ ದುಡ್ಡು ತೋರಿಸಬೇಕು, ಅದನ್ನ ಮರೀಬ್ಯಾಡ್ರಿ.

ಯೂರೊ ₹100 ಅಂತ ಹಿಡಿದ್ರ ನಿಮ್ಮ ₹12 ಲಕ್ಷ ಮೊದಲ ವರ್ಷದ ಬ್ಲಾಕ್ಡ್ ಅಕೌಂಟಿಗೇ ಸರಿ ಆಗ್ತದ. ಹೊರದೇಶಕ್ಕ ಕಳಿಸೋ ದುಡ್ಡಿನಾಗ ವರ್ಷಕ್ಕ ₹10 ಲಕ್ಷ ದಾಟಿದ ಭಾಗಕ್ಕ ಬ್ಯಾಂಕಿನವರು ಟಿಸಿಎಸ್ (ಮೊದಲೇ ವಸೂಲು ಮಾಡೋ ತೆರಿಗೆ) ಹಿಡೀತಾರ. ದುಡ್ಡು ಇಬ್ಬರದೂ ಇದ್ರ ಅಪ್ಪ ಸ್ವಲ್ಪ, ಅವ್ವ ಸ್ವಲ್ಪ, ಬೇರೆ ಬೇರೆ ಪ್ಯಾನ್ ಮ್ಯಾಲ ಕಳಿಸಿದ್ರ ಅದು ತಪ್ತದ.

ಇನ್ನೊಂದು. ಬೋಧನಾ ಶುಲ್ಕ ಇಲ್ಲದ ಸರ್ಕಾರಿ ವಿವಿಯಿಂದ ಏಜೆಂಟರಿಗೆ ಕಮಿಷನ್ ಹುಟ್ಟಂಗಿಲ್ಲ. ‘ಫ್ರೀ ಕೌನ್ಸೆಲಿಂಗ್’ ಅಂದವರು ಖಾಸಗಿ ಕಾಲೇಜಿನ ಹೆಸರೇ ಯಾಕ ಹೇಳ್ತಾರ ಅಂತ ಇದರಿಂದಲೇ ತಿಳೀರಿ.

ಮಾಟುಂಗಾ_ಲೆಕ್ಕ:
ಇಂಗ್ಲೆಂಡಿನ ಲೆಕ್ಕ ಹಾಕೋಣ. ಸಾಲ ₹30 ಲಕ್ಷ, ಬಡ್ಡಿ 10%. ಕೋರ್ಸ್ 12 ತಿಂಗಳು, ಆಮೇಲೆ 6 ತಿಂಗಳ ವಿನಾಯಿತಿ. ಈ 18 ತಿಂಗಳ ಸರಳ ಬಡ್ಡಿಯೇ ₹4.5 ಲಕ್ಷ. ಅದನ್ನು ಕಟ್ಟದೆ ಬಿಟ್ಟರೆ ಅಸಲು ₹34.5 ಲಕ್ಷ ಆಗಿ ಕೂರುತ್ತದೆ, 10 ವರ್ಷಕ್ಕೆ ತಿಂಗಳ ಕಂತು ಸುಮಾರು ₹45,600. ಬಡ್ಡಿಯನ್ನು ತಿಂಗಳಿಗೆ ₹25,000ದಂತೆ ಆಗಿಂದಾಗಲೇ ಕಟ್ಟಿಕೊಂಡು ಹೋದರೆ ಕಂತು ₹39,600ರ ಆಸುಪಾಸು.

ಈಗ ಕೆಟ್ಟ ಪಕ್ಷ ನೋಡಿ. ಅಲ್ಲಿ ಕೆಲಸ ಸಿಗದೆ ಹುಡುಗ ಪುಣೆ ಹತ್ತಿರದ ಚಾಕಣ್ ಕಾರ್ಖಾನೆಗಳಿಗೇ ಬಂದು ಸೇರಿದ ಅಂದುಕೊಳ್ಳಿ. ಆ ಸಂಬಳದಲ್ಲಿ ₹45,600 ಹೊರಡುತ್ತದಾ? ಉಳಿದದ್ದನ್ನು ನೀವು ನಿವೃತ್ತಿಯವರೆಗೂ ತುಂಬಬಲ್ಲಿರಾ? ಇಲ್ಲ ಅಂತಾದರೆ ನನ್ನ ಮಟ್ಟಿಗೆ ಇಂಗ್ಲೆಂಡ್ ಬೇಡ. ಓದು ಮುಗಿದ ಮೇಲೆ ಅಲ್ಲಿ ಉಳಿಯುವ ಗ್ರಾಜುಯೇಟ್ ವೀಸಾ 2027ರ ಜನವರಿ 1ರಿಂದ ಹಾಕುವ ಅರ್ಜಿಗಳಿಗೆ ಎರಡು ವರ್ಷದ ಬದಲು 18 ತಿಂಗಳು, ನಿಮ್ಮ ಹುಡುಗ ಅದರಲ್ಲೇ ಬರುತ್ತಾನೆ. ಜರ್ಮನಿಯಲ್ಲೂ ಕೆಲಸ ಹುಡುಕಲು 18 ತಿಂಗಳೇ. ಆದರೆ ತಲೆಯ ಮೇಲಿನ ಸಾಲ ಇಂಗ್ಲೆಂಡಿನಷ್ಟಿರುವುದಿಲ್ಲ. ಒಂದು ಮಾತು: ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಕಾರ್ಖಾನೆ ಇಂಗ್ಲಿಷಿನಲ್ಲಿ ನಡೆಯುವುದಿಲ್ಲ. ಪುಣೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ಮೊದಲ ಹಂತ ಎ1 ಈಗಲೇ ಶುರುವಾಗಲಿ, ಹೋಗುವಷ್ಟರಲ್ಲಿ ಮಧ್ಯಮ ಹಂತ ಬಿ1 ಮುಗಿದಿರಲಿ.

ಡೊಂಬಿವಲಿ_ಈಸ್ಟ್:
ಉಪಕಾರವಾಯಿತು. ತಂಗಿಯರಿಗೆ ಇವತ್ತೇ ಫೋನ್ ಮಾಡುತ್ತೇನೆ. ಮಗನ ಪಾಸ್‌ಪೋರ್ಟಿನಲ್ಲಿ ಕುಂದಾಪುರದ ವಿಳಾಸ ಇದೆ, ಜರ್ಮನ್ ವೀಸಾಕ್ಕೆ ಬೆಂಗಳೂರಿಗೆ ಹೋಗಬೇಕಾ?

ಕೊತ್ರೂಡ್_ಮಂದಿ:
ಬ್ಯಾಡ್ರಿ. ಅವರು ನೋಡೋದು ಈಗ ಎಲ್ಲಿ ಇರ್ತಾನ ಅನ್ನೋದನ್ನ. ಮಹಾರಾಷ್ಟ್ರದಾಗ ಇರೋರಿಗೆ ಮುಂಬೈ ಕಾನ್ಸುಲೇಟ್. ಕಾಲೇಜಿನ ಬೋನಾಫೈಡ್ (ಇಲ್ಲೇ ಓದ್ತಾನ ಅನ್ನೋ ಪತ್ರ) ಜೊತಿಗೆ ಹಾಸ್ಟೆಲ್ ರಸೀದಿನೋ ನೋಂದಣಿಯಾದ ಬಾಡಿಗೆ ಕರಾರೋ ಇಟ್ಕೊಳ್ರಿ.