ಹಕ್ಕಲಿನ ಗೌರಿ ಹೂ: ನಡುವಿನ ಅಳತೆಯ ಗಿಡಗಳು ಬೆರಕೆಯೇ?

ಹಕ್ಕಲು (ಚಿಕ್ಕಮಗಳೂರು):
ಮುಳ್ಳಯ್ಯನಗಿರಿ ತಪ್ಪಲಿನಲ್ಲಿ ನಮ್ಮ ಕಾಫಿ ತೋಟ. ಅದರ ಮೇಲಿನ ಹಕ್ಕಲಿನ ಜೌಗಿನಲ್ಲಿ ಮಳೆಗಾಲ ಬಂತೆಂದರೆ ಎರಡು ಬಗೆಯ ಕಾಡು ಗೌರಿ ಹೂ ಒಟ್ಟೊಟ್ಟಿಗೇ ಅರಳುತ್ತವೆ. ಎರಡರಲ್ಲೂ ಎಲೆ ಸಪೂರ, ಎದುರುಬದುರು. ಹೂ ಗುಲಾಬಿ. ಒಂದರ ಬಾಲ (ಹೂವಿನ ಹಿಂದೆ ಚಾಚಿದ ಕೊಳವೆ) ಉದ್ದ, ತೆಳ್ಳಗೆ ಬಾಗಿದೆ. ಅದು ಇಂಪೇಷಿಯನ್ಸ್ ಚೈನೆನ್ಸಿಸ್ ಅಂತ ಗುರುತಿಸಿದ್ದೇನೆ. ಗಿಡ್ಡ ಬಾಲದ್ದು ಇಂಪೇಷಿಯನ್ಸ್ ಆಪೊಸಿಟಿಫೋಲಿಯಾ. ಈ ಸಲ ಬಾಲ ಅಷ್ಟುದ್ದವೂ ಅಲ್ಲ, ಗಿಡ್ಡವೂ ಅಲ್ಲ ಎನ್ನುವಂಥ ಏಳು ಗಿಡ ಸಿಕ್ಕಿವೆ. ಎರಡೂ ಜಾತಿ ಕೂಡಿ ಹುಟ್ಟಿದ ಬೆರಕೆ ಇರಬಹುದಾ? ಒತ್ತಿ ಒಣಗಿಸಿದ ಹೂಗಳಲ್ಲಿ ಏನೂ ಗೊತ್ತಾಗುತ್ತಿಲ್ಲ.

ಘಾಟಿ ಮಳೆ (ಸಕಲೇಶಪುರ):
ಸಾರ್, ಒಣಗಿಸಿದ ಹೂವನ್ನು ನಂಬಲೇಬೇಡಿ. ಗೌರಿ ಹೂವಿನ ಎಸಳು ನೀರು ತುಂಬಿದಂತಿರುತ್ತವೆ. ಒತ್ತಿದರೆ ಒಂದಕ್ಕೊಂದು ಅಂಟಿ ಆಕಾರವೇ ಹೋಗುತ್ತದೆ. ಬ್ರಿಟಿಷ್ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಅಂಥವರೂ 1911ರಲ್ಲಿ ತೀರಿಕೊಳ್ಳುವ ತನಕ ಇದೇ ಕುಲದ ಜೊತೆ ಹೆಣಗಿದರು. ಒಂದೆರಡು ಹೂ ಸ್ಪಿರಿಟ್‌ನಲ್ಲಿ ಹಾಕಿಡಿ. ತಾಜಾ ಹೂವಿನ ಭಾಗ ಬಿಡಿಸಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ.

ಆಮೇಲೆ ಹೂವಿನ ವಯಸ್ಸು ನೋಡಿ. ಇದರಲ್ಲಿ ಮೊದಲು ಗಂಡಿನ ಹಂತ. ಐದು ಕೇಸರ ಸೇರಿ ಟೋಪಿಯ ಹಾಗೆ ಅಂಡಾಶಯವನ್ನು ಮುಚ್ಚಿರುತ್ತವೆ. ಟೋಪಿ ಕಳಚಿ ಬಿದ್ದ ಮೇಲೆಯೇ ಶಲಾಕಾಗ್ರ (ಪರಾಗ ಹತ್ತುವ ಹೆಣ್ಣು ಭಾಗದ ತುದಿ) ಕಾಣಿಸುವುದು. ಒಂದೇ ಗಿಡದ ಎರಡು ಹೂ ಬೇರೆ ಬೇರೆ ಜಾತಿಯವು ಅನ್ನಿಸುವುದು ಇದರಿಂದಲೇ. ಪೂರ್ತಿ ಬಿರಿಯದ ಹೂವಿನ ಬಾಲವಂತೂ ಅಳೆಯಲೇಬೇಡಿ. ನೆರಳಿನ ಗಿಡ, ಬಿಸಿಲಿನ ಗಿಡ ಬೇರೆ ಬೇರೆ ಬರೆದಿಡಿ. ನಡುವಿನವು ಏಳಷ್ಟೇ ಅಲ್ಲ, ಎರಡೂ ಬಗೆಯಲ್ಲಿ ಮೂವತ್ತು ಮೂವತ್ತು ಗಿಡ ಅಳೆಯಿರಿ. ಒಂದು ಜಾತಿಯ ಒಳಗೇ ಎಷ್ಟು ಏರುಪೇರು ಇದೆ ಅಂತ ಗೊತ್ತಿಲ್ಲದೆ ಬೆರಕೆ ಅನ್ನೋಕೆ ಆಗಲ್ಲ ಅಲ್ವಾ?

ಕೊನೆಗೂ ಅನುಮಾನ ಉಳಿದರೆ ಪರಾಗ ನೋಡಿಸಿ. ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿದರೆ ಒಳ್ಳೆಯ ಪರಾಗ ತುಂಬಿಕೊಂಡು ಕೆಂಪಾಗುತ್ತದೆ, ಬರಡಾದದ್ದು ಮುದುಡಿ ಬಿಳಿಚಿಕೊಂಡಿರುತ್ತದೆ. ಬೆರಕೆಯಲ್ಲಿ ಎರಡು ಜಾತಿಯ ಕ್ರೋಮೋಸೋಮ್‌ಗಳು ಸರಿಯಾಗಿ ಜೋಡಿಯಾಗದಿದ್ದರೆ ಬರಡು ಜಾಸ್ತಿ.

ಹೇಮಾವತಿ ದಡ (ಹಾಸನ):
ಸಲ್ಡಾನಾ ಮತ್ತು ನಿಕೋಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗಳ ಇಂಗ್ಲಿಷ್ ಪುಸ್ತಕ 1976ರದ್ದು. ಗುರುತಿಸಲು ಅದನ್ನು ಜೊತೆಗಿಟ್ಟುಕೊಳ್ಳಿ. ನಿಮ್ಮ ಜಿಲ್ಲೆ ಪಕ್ಕದ್ದೇ ಆದ್ದರಿಂದ ಉಪಯೋಗಕ್ಕೆ ಬರುತ್ತದೆ. ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ.

ಹಕ್ಕಲು (ಚಿಕ್ಕಮಗಳೂರು):
ಹತ್ತು ದಿನ ಸೋನೆ ಮಳೆಯಲ್ಲೇ ಕೂತು ಅಳೆದೆ. ಏಳರಲ್ಲಿ ನಾಲ್ಕು ಗಿಡ ಗಿಡ್ಡ ಬಾಲದವೇ, ಜೌಗಿನ ನಡುವೆ ದಷ್ಟಪುಷ್ಟವಾಗಿ ಬೆಳೆದಿವೆ ಅಷ್ಟೆ. ಒಂದರಲ್ಲಿ ನಾನು ಅಳೆದದ್ದು ಅರ್ಧ ಬಿರಿದ ಹೂ. ಎರಡು ದಿನ ಬಿಟ್ಟು ನೋಡಿದರೆ ಉದ್ದ ಬಾಲ! ಉಳಿದವು ಎರಡು. ಅವುಗಳ ಪರಾಗವನ್ನು ಕಾಲೇಜೊಂದರ ಪ್ರಯೋಗಾಲಯದಲ್ಲಿ ನೋಡಿಸಿದೆ. ಸುಮಾರು 200 ಎಣಿಸಿದೆವು, 180ರಷ್ಟು ಚೆನ್ನಾಗಿ ಕೆಂಪಾದವು. ಕಾಯಿಯೂ ಕಟ್ಟಿದೆ. ಹಾಗಾದರೆ ಬೆರಕೆ ಅಲ್ಲ ಅಂತ ಬರೆದುಕೊಳ್ಳಲಾ?

ಘಾಟಿ ಮಳೆ (ಸಕಲೇಶಪುರ):
ಇನ್ನೂ ಬರೆಯಬೇಡಿ. ಹತ್ತಿರದ ನಂಟಿನ ಜಾತಿಗಳ ಬೆರಕೆ ಬೀಜ ಕಟ್ಟಬಹುದು, ಪರಾಗ ಚೆನ್ನಾಗಿದ್ದ ಮಾತ್ರಕ್ಕೆ ತಳ್ಳಿಹಾಕೋಕಾಗಲ್ಲ. ಆ ಎರಡು ಗಿಡದ ಮೊಗ್ಗಿಗೆ ಈಗಲೇ ತೆಳುವಾದ ಬಟ್ಟೆಚೀಲ ಕಟ್ಟಿ. ಟೋಪಿ ಬಿದ್ದ ಹೂವಿಗೆ ಅದೇ ಗಿಡದ ಇನ್ನೊಂದು ಹೂವಿನ ಪರಾಗ ಮುಟ್ಟಿಸಿ. ಸುಮ್ನೆ ಬಿಟ್ಟರೆ ಜೇನು, ಚಿಟ್ಟೆ ಯಾವ ಗಿಡದ್ದು ತಂದವೋ ತಿಳಿಯದು. ಕಾಯಿ ಬಲಿತರೆ ಮುಟ್ಟಿದ ಕೂಡಲೇ ಸಿಡಿಯುತ್ತದೆ, ಅದಕ್ಕೆ ಚೀಲ ಬಿಚ್ಚಬೇಡಿ. ಮುಂದಿನ ಮಳೆಗೆ ಬೀಜ ಹಾಕಿ ನೋಡಿ. ಮರಿಗಳಲ್ಲಿ ಕೆಲವು ಉದ್ದ ಬಾಲದ ಕಡೆಗೆ, ಕೆಲವು ಗಿಡ್ಡದ ಕಡೆಗೆ ಚೆದುರಿದರೆ ಬೆರಕೆ ಎನ್ನಲು ಗಟ್ಟಿ ಆಧಾರ. ಎಲ್ಲವೂ ಒಂದೇ ಥರ ಬಂದರೆ ಬೆರಕೆಯ ಅನುಮಾನ ಬಹಳ ಮಟ್ಟಿಗೆ ಹೋಗುತ್ತದೆ.

ಹಕ್ಕಲು (ಚಿಕ್ಕಮಗಳೂರು):
ಇವತ್ತು ಮಧ್ಯಾಹ್ನ ಹನ್ನೊಂದು ಮೊಗ್ಗಿಗೆ ಚೀಲ ಕಟ್ಟಿ ಬಂದೆ. ಅಮ್ಮನ ಹಳೇ ಮಸ್ಲಿನ್ ಬಟ್ಟೆ. ದನ ನುಗ್ಗದಂತೆ ಸುತ್ತ ಮುಳ್ಳೂ ಇಟ್ಟಿದ್ದೇನೆ.